ಬಯಲಿನ ಕಂದುಹಕ್ಕಿ ಯಾವ ಪಿಪಿಟ್? ಗುರುತಿಸಿ ದಾಖಲಿಸುವ ಕ್ರಮ

ಮಳೆ ಹಿಂದೆ ಸರಿದು ಹುಲ್ಲು ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗಿ, ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲಿಗೆ (ದನ ಮೇಯಲು ಮೀಸಲಿಟ್ಟ ಹುಲ್ಲುಗಾವಲಿಗೆ) ಹೋಗಿ, ರಾಣೆಬೆನ್ನೂರಿನ ಬಯಲಿಗೇ ಹೋಗಿ, ನೆಲದ ಮೇಲೆ ತುರುತುರು ಓಡುವ ಗೀರುಗೀರಿನ ಕಂದುಹಕ್ಕಿಯೊಂದು ಎದುರಾಗುತ್ತದೆ. ಬಹುಪಾಲು ಸಲ ಅದು ವರ್ಷವಿಡೀ ಇಲ್ಲೇ ಇರುವ ಪ್ಯಾಡಿಫೀಲ್ಡ್ ಪಿಪಿಟ್. ಆದರೆ ಅಕ್ಟೋಬರ್‌ನಿಂದ ಮಾರ್ಚ್ ಕೊನೆಯವರೆಗೆ ಅದರ ಜೊತೆಯಲ್ಲೇ ರಿಚರ್ಡ್ಸ್, ಬ್ಲೈತ್ಸ್, ಟಾನಿ ಎಂಬ ಮೂರು ವಲಸೆ ಪಿಪಿಟ್‌ಗಳು ಮೇಯುತ್ತಿರಬಹುದು. ಇವು ನೋಡಲು ಸಿಗುವುದು ಕಡಿಮೆ, ಖಚಿತವಾಗಿ ಗುರುತಿಸಲು ಸಿಗುವುದು ಇನ್ನೂ ಕಡಿಮೆ. ಎಷ್ಟೋ ಜಿಲ್ಲೆಗಳಲ್ಲಿ ಇವುಗಳ ದಾಖಲೆ ತೆಳುವಾಗಿರುವುದಕ್ಕೆ ಹಕ್ಕಿ ಬಾರದಿರುವುದಕ್ಕಿಂತ ನಂಬುವಂಥ ಪುರಾವೆ ಇಲ್ಲದಿರುವುದೇ ಹೆಚ್ಚಿನ ಕಾರಣ.

ಇಲ್ಲಿ ಹೇಳುವ ಕ್ರಮದ ಹಿಂದಿರುವ ನಿಯಮ ಒಂದೇ. ‘ಇದು ಬ್ಲೈತ್ಸ್ ಪಿಪಿಟ್’ ಎಂದು ತೋರಿಸುವುದಕ್ಕಿಂತ ಮೊದಲು ‘ಇದು ಪ್ಯಾಡಿಫೀಲ್ಡ್ ಅಲ್ಲ’ ಎಂದು ತೋರಿಸಬೇಕು. ಒಂದು ಚಂದದ ಫೋಟೊದಿಂದ ಅದು ಆಗುವುದಿಲ್ಲ. ಕೂಗು, ರೆಕ್ಕೆಯ ಗರಿ, ಹಿಂಬೆರಳಿನ ಉಗುರು, ಬಾಲದ ಬಿಳುಪು, ಈ ನಾಲ್ಕರಲ್ಲಿ ಕನಿಷ್ಠ ಎರಡಾದರೂ ಒಂದೇ ಹೆಸರಿನ ಕಡೆ ಬೊಟ್ಟು ಮಾಡಬೇಕು.

ಹೊರಡುವ ಮುಂಚೆ

ಬೆಳಗಿನ ಆರೂವರೆಯಿಂದ ಒಂಬತ್ತರವರೆಗಿನ ಹೊತ್ತೇ ನಿಮ್ಮ ಕೆಲಸದ ಹೊತ್ತು. ಅದಾದ ಮೇಲೆ ಬಯಲಿನ ನೆಲ ಕಾದು, ಬಿಸಿಗಾಳಿ ಅಲೆಯಲೆಯಾಗಿ ಏಳುತ್ತದೆ. ಮೂವತ್ತು ಮೀಟರ್ ದೂರದ ಹಕ್ಕಿಯ ಗರಿಯ ಅಂಚು ಯಾವ ಲೆನ್ಸ್ ಹಾಕಿದರೂ ಕಲಸಿಹೋಗುತ್ತದೆ. ಫೋಕಸ್ ತಪ್ಪಿತೆಂದು ಕ್ಯಾಮೆರಾವನ್ನು ಬೈದು ಪ್ರಯೋಜನವಿಲ್ಲ. ಸಂಜೆ ನಾಲ್ಕೂವರೆ ನಂತರ ಮತ್ತೆ ಒಂದೂವರೆ ಗಂಟೆ ಸಿಗುತ್ತದೆ. ಆದರೆ ಆಗಿನ ಹಳದಿ ಬೆಳಕಿನಲ್ಲಿ ಮರಳುಬಣ್ಣ, ಕಂದುಬಣ್ಣಗಳ ಮಾತನ್ನು ನಂಬಬೇಡಿ.

8×42 ಅಥವಾ 10×42 ದುರ್ಬೀನು, 400 ಮಿ.ಮೀ. ಅಥವಾ ಹೆಚ್ಚಿನ ಲೆನ್ಸ್, ಮೊಬೈಲ್, ಸಣ್ಣ ನೋಟ್‌ಬುಕ್ ಸಾಕು. ಕ್ಯಾಮೆರಾ ಗಡಿಯಾರ ಸರಿಯಿದೆಯೇ ನೋಡಿಕೊಳ್ಳಿ, ಅನುಮಾನವಿದ್ದರೆ ಮೊಬೈಲ್ ಪರದೆಯ ಸಮಯದ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಧ್ವನಿ ಫೈಲನ್ನೂ ಫೋಟೊವನ್ನೂ ಹೊಂದಿಸಲು ಅದೊಂದೇ ಆಧಾರ. ಕರಡದ ಹುಲ್ಲಿನ ಮುಳ್ಳು ಬಟ್ಟೆ ತೂರಿ ಚುಚ್ಚುತ್ತದೆ, ಅದಕ್ಕೆ ದಪ್ಪ ಪ್ಯಾಂಟು, ಮುಚ್ಚಿದ ಬೂಟು ಇರಲಿ. ಕಾವಲು, ಧಾಮಗಳ ಒಳಗೆ ಹೋಗಲು ಅನುಮತಿ ಬೇಕಿದ್ದರೆ ಮೊದಲೇ ಪಡೆಯಿರಿ. ಕುರಿ ಹಟ್ಟಿ ಹತ್ತಿರವಿದ್ದರೆ ಕುರಿಗಾಹಿಗಳನ್ನು ಮಾತಾಡಿಸಿಯೇ ಮುಂದೆ ಹೋಗಿ. ಅವರ ನಾಯಿಗಳು ಸುಮ್ಮನಿರುತ್ತವೆ, ಎಲ್ಲಿ ಇನ್ನೂ ಹಸಿ ಹುಲ್ಲಿದೆ, ಎಲ್ಲಿ ನೀರು ನಿಂತಿದೆ ಎಂಬುದೂ ತಿಳಿಯುತ್ತದೆ.

ಮೊದಲ ಹೆಜ್ಜೆ: ಇದು ಪಿಪಿಟ್ಟೇ ಹೌದೇ?

ಲಾರ್ಕ್‌ಗಳೂ ಅದೇ ನೆಲದಲ್ಲಿ, ಅದೇ ಬಣ್ಣದಲ್ಲಿ ಇರುತ್ತವೆ. ಲಾರ್ಕಿನ ಕೊಕ್ಕು ದಪ್ಪ, ಮೈ ಗಿಡ್ಡ, ಬಾಲ ಮೋಟು, ನಡೆಯುವಾಗ ನೆಲಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಮಲಬಾರ್ ಲಾರ್ಕ್, ಸೈಕ್ಸ್ ಲಾರ್ಕ್‌ಗಳ ತಲೆಯ ಮೇಲೆ ಚೂಪು ಜುಟ್ಟಿರುತ್ತದೆ. ಬುಷ್‌ಲಾರ್ಕ್‌ಗಳು ಹಾರುವಾಗ ರೆಕ್ಕೆಯಲ್ಲಿ ಇಟ್ಟಿಗೆಗೆಂಪು ಕಾಣುತ್ತದೆ. ಪಿಪಿಟ್‌ನದು ತೆಳು ಕೊಕ್ಕು, ಸಣಕಲು ಮೈ, ಉದ್ದ ಕಾಲು. ನಾಲ್ಕು ಹೆಜ್ಜೆ ಓಡಿ, ನಿಂತು, ಬಾಲ ಆಡಿಸಿ, ಮತ್ತೆ ಓಡುತ್ತದೆ. ಬಾಲದ ಎರಡೂ ಅಂಚಿನಲ್ಲಿ ಬಿಳಿ ಗರಿ. ಇಷ್ಟು ನೋಡಲು ಅರ್ಧ ನಿಮಿಷ ಸಾಕು.

ಟ್ರೀ ಪಿಪಿಟ್, ಆಲಿವ್ ಬೆನ್ನಿನ ಪಿಪಿಟ್‌ಗಳು ಬೆದರಿದರೆ ಮರಕ್ಕೆ ಹಾರುತ್ತವೆ. ನಮಗೆ ಬೇಕಾದ ದೊಡ್ಡ ಪಿಪಿಟ್‌ಗಳು ಸಾಮಾನ್ಯವಾಗಿ ಮತ್ತೆ ನೆಲಕ್ಕೇ ಇಳಿಯುತ್ತವೆ. ಕಲ್ಲುಗುಡ್ಡದ ಇಳಿಜಾರಿನಲ್ಲಿದ್ದು, ಕೊಕ್ಕು ಉದ್ದವಾಗಿ, ಬಾಲದಂಚು ಅಚ್ಚ ಬಿಳಿಯ ಬದಲು ಮಾಸಲು ಕಂದಾಗಿದ್ದರೆ ಅದು ಲಾಂಗ್‌ಬಿಲ್ಡ್ ಪಿಪಿಟ್ ಇರಬಹುದು, ಅದರ ದಾರಿಯೇ ಬೇರೆ.

ಪ್ಯಾಡಿಫೀಲ್ಡನ್ನು ಬಾಯಿಪಾಠ ಮಾಡಿ

ಅಪರೂಪದ್ದನ್ನು ಹುಡುಕುವವರು ಮಾಮೂಲಿ ಹಕ್ಕಿಯನ್ನು ಸರಿಯಾಗಿ ನೋಡಿರುವುದಿಲ್ಲ. ತಪ್ಪು ದಾಖಲೆಗಳ ಬೇರು ಇಲ್ಲೇ ಇದೆ. ಪ್ಯಾಡಿಫೀಲ್ಡ್ ಪಿಪಿಟ್ ಸುಮಾರು 15 ಸೆಂ.ಮೀ. ಉದ್ದ. ಎದೆಯ ಮೇಲೆ ತೆಳು ಗೀರು, ಹೊಟ್ಟೆ ಮಾಸಲು, ಕೊಕ್ಕಿಗೂ ಕಣ್ಣಿಗೂ ನಡುವೆ ಸಾಮಾನ್ಯವಾಗಿ ಕಪ್ಪುಛಾಯೆಯ ಗೆರೆ. ಎದ್ದರೆ ‘ಚಿಪ್, ಚಿಪ್’ ಎಂದು ತುಂಡುತುಂಡಾಗಿ ಕೂಗುತ್ತಾ, ತಗ್ಗಿನಲ್ಲೇ ತಡವರಿಸಿದಂತೆ ಹಾರಿ, ಸ್ವಲ್ಪ ದೂರದಲ್ಲೇ ಇಳಿಯುತ್ತದೆ.

ಗುರುತಿಸುವಿಕೆಯನ್ನು ಹಾಳು ಮಾಡುವ ಎರಡು ಸಂಗತಿಗಳಿವೆ. ಒಂದು, ಪ್ಯಾಡಿಫೀಲ್ಡಿನ ಎಳೆಹಕ್ಕಿ. ಅದರ ಬೆನ್ನಿನ ಗರಿಗಳಿಗೆ ಬಿಳಿಯಂಚು, ಎದೆಯಲ್ಲಿ ದಪ್ಪ ಗೀರು ಇರುವುದರಿಂದ ಬೇರೆಯೇ ಜಾತಿಯಂತೆ ಕಾಣುತ್ತದೆ. ಇನ್ನೊಂದು, ಚಳಿಯ ಬೆಳಗು. ಗರಿ ಉಬ್ಬಿಸಿ ಕೂತ ಪ್ಯಾಡಿಫೀಲ್ಡ್ ದೊಡ್ಡದಾಗಿಯೂ, ಕತ್ತೆತ್ತಿ ನಿಂತದ್ದು ಉದ್ದವಾಗಿಯೂ ಕಾಣುತ್ತದೆ. ಪಕ್ಕದಲ್ಲಿ ಮತ್ತೊಂದು ಹಕ್ಕಿ ಇಲ್ಲದಿದ್ದರೆ ಗಾತ್ರವನ್ನು ಪುರಾವೆಯಾಗಿ ಬರೆಯಲೇಬೇಡಿ.

ಎರಡನೆಯ ಹೆಜ್ಜೆ: ಕಿವಿ

ನಾಲ್ಕರಲ್ಲಿ ಹೆಚ್ಚು ನಂಬಬಹುದಾದದ್ದು ಕೂಗು. ಅದೂ ಹಕ್ಕಿ ಎದ್ದು ಹಾರುವಾಗಿನ ಕೂಗು.

ರಿಚರ್ಡ್ಸ್ ಗಟ್ಟಿಯಾಗಿ, ಒರಟಾಗಿ, ಒಂದೇ ಏಟಿಗೆ ‘ಶ್ರೀಪ್!’ ಎನ್ನುತ್ತದೆ, ದೂರಕ್ಕೂ ಕೇಳುತ್ತದೆ. ಬ್ಲೈತ್ಸ್ ಕೂಗು ಅದಕ್ಕಿಂತ ಮೆತ್ತಗೆ, ಕೊನೆಯಲ್ಲಿ ಇಳಿಯುವ ‘ಪ್‌ಶಿಯೋ’. ಅದರ ಜೊತೆಗೇ ‘ಚಪ್’ ಎಂಬ ಗಿಡ್ಡ ಸ್ವರಗಳನ್ನೂ ಹಾಕುತ್ತದೆ. ಈ ಗಿಡ್ಡ ಸ್ವರ ಮಾತ್ರ ಕೇಳಿದವರು ಪ್ಯಾಡಿಫೀಲ್ಡ್ ಎಂದುಕೊಳ್ಳುವುದುಂಟು. ಟಾನಿಯದು ಊರಗುಬ್ಬಿಯ ಚಿಲಿಪಿಲಿಯನ್ನು ಹೋಲುವ ‘ಚಿಲಿಪ್’.

ಅಕ್ಷರದಲ್ಲಿ ಬರೆದ ಕೂಗು ನೆನಪಿಗಷ್ಟೇ ಒದಗುತ್ತದೆ, ಸಾಕ್ಷಿಗೆ ಧ್ವನಿಮುದ್ರಣ ಬೇಕು. ಹೋಗುವ ಹಿಂದಿನ ದಿನ ಕ್ಸೆನೊ-ಕ್ಯಾಂಟೊ ಜಾಲತಾಣದಲ್ಲಿ ನಾಲ್ಕೂ ಹಕ್ಕಿಗಳ ಹಾರುಕೂಗನ್ನು, ಪ್ರತಿಯೊಂದರ ಐದಾರು ಮುದ್ರಣಗಳನ್ನು, ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿ. ಒಂದೇ ಮುದ್ರಣ ಕೇಳಿದರೆ ಆ ಒಂದು ಹಕ್ಕಿಯ ದನಿಯನ್ನೇ ಜಾತಿಯ ದನಿಯೆಂದು ತಿಳಿಯುವ ಅಪಾಯವಿದೆ.

ಬಯಲಿಗೆ ಕಾಲಿಟ್ಟ ಕೂಡಲೇ ರೆಕಾರ್ಡರ್ ಆನ್ ಮಾಡಿಬಿಡಿ. ಹಕ್ಕಿ ಎದ್ದ ಮೇಲೆ ಜೇಬಿಗೆ ಕೈ ಹಾಕಿದರೆ ಮುಗಿಯಿತು, ಕೂಗು ಎರಡು ಸೆಕೆಂಡಿನದು. ಮೊಬೈಲನ್ನು ಜೇಬಿನೊಳಗಿಡದೆ ಕೈಯಲ್ಲಿ, ಮೈಕ್ ಹಕ್ಕಿಯ ಕಡೆಗಿರುವಂತೆ ಹಿಡಿಯಿರಿ. ಗಾಳಿ ಇದ್ದರೆ ಬೆನ್ನು ಗಾಳಿಗೆ ಕೊಟ್ಟು ನಿಮ್ಮ ಮೈಯನ್ನೇ ಮರೆ ಮಾಡಿ. ಕೂಗು ಸಿಕ್ಕ ತಕ್ಷಣ ಅದೇ ರೆಕಾರ್ಡಿಂಗ್‌ನಲ್ಲಿ ಮೆಲ್ಲಗೆ ಹೇಳಿ: ‘7:42, ಒಂದು ಹಕ್ಕಿ, ಎದ್ದು ಹಾರುವಾಗ ಎರಡು ಸಲ ಕೂಗಿತು, ಫೋಟೊದ ಹಕ್ಕಿಯೇ.’ ಕೊನೆಯ ಆ ಎರಡು ಪದಗಳಿಲ್ಲದೆ ಎಷ್ಟೋ ಒಳ್ಳೆಯ ದಾಖಲೆಗಳು ಕೆಟ್ಟಿವೆ. ಫೋಟೊ ಒಂದು ಹಕ್ಕಿಯದು, ಕೂಗು ಪಕ್ಕದಲ್ಲೆದ್ದ ಇನ್ನೊಂದರದ್ದು ಆಗಿಬಿಡುತ್ತದೆ.

ಕೂಗು ಕೇಳಿ ಹಕ್ಕಿಯ ಹೆಸರು ಸೂಚಿಸುವ ಮರ್ಲಿನ್ ಆ್ಯಪ್ ಪರದೆಯ ಮೇಲೆ ‘ರಿಚರ್ಡ್ಸ್ ಪಿಪಿಟ್’ ಎಂದು ತೋರಿಸಿದರೆ ಅದು ಕಿವಿಗೊಡಿ ಎಂಬ ಸೂಚನೆ ಮಾತ್ರ. ‘ಮರ್ಲಿನ್ ಹೇಳಿತು’ ಎಂಬುದನ್ನು ಪುರಾವೆಯ ಜಾಗದಲ್ಲಿ ಬರೆಯಬೇಡಿ. ಅದು ಉಳಿಸಿಕೊಟ್ಟ ಧ್ವನಿ ಫೈಲು ಮಾತ್ರ ಪುರಾವೆ.

ಮೂರನೆಯ ಹೆಜ್ಜೆ: ರೆಕ್ಕೆಗರಿಗಳ ಮೇಲಿನ ಸಾಲು

ಮಡಚಿದ ರೆಕ್ಕೆಯ ಭುಜದ ಕೆಳಗೆ ಗರಿಗಳ ಎರಡು ಸಾಲು ಕಾಣುತ್ತವೆ. ಮೇಲಿನ ಸಾಲಿನಲ್ಲಿ ಸಣ್ಣ ಗರಿಗಳು, ಅದರ ಕೆಳಗೆ ದೊಡ್ಡವು. ನಮಗೆ ಬೇಕಾದದ್ದು ಮೇಲಿನ ಸಾಲು. ಪ್ರತಿ ಗರಿಗೂ ನಡುವೆ ಕಪ್ಪು, ಅಂಚಿಗೆ ತಿಳಿಬಣ್ಣ. ಆ ಕಪ್ಪಿನ ಆಕಾರವೇ ಮಾತಾಡುತ್ತದೆ.

ಬೆಳೆದ ಬ್ಲೈತ್ಸ್‌ನಲ್ಲಿ ಕಪ್ಪು ಭಾಗ ಚೌಕಾಕಾರ, ಕೆಳಗಿನ ಗಡಿ ಕತ್ತರಿಸಿದಂತೆ ನೇರ. ರಿಚರ್ಡ್ಸ್‌ನಲ್ಲಿ ಅದು ತುದಿಗೆ ಚೂಪಾಗುವ ತ್ರಿಕೋನ, ಗಡಿಯೂ ಸ್ವಲ್ಪ ಕಲಸಿದಂತೆ. ಟಾನಿಯ ಮೈಯೆಲ್ಲ ಸಪ್ಪೆ ಮರಳುಬಣ್ಣವಾದ್ದರಿಂದ ಈ ಸಾಲು ಒಂದು ಕಪ್ಪು ಪಟ್ಟಿಯಾಗಿ ಎದ್ದು ಕಾಣುತ್ತದೆ. ಬೆಳೆದ ಟಾನಿಯ ಎದೆಯಲ್ಲಿ ಗೀರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಕಣ್ಣಿನ ಮುಂದೆ ಸ್ಪಷ್ಟ ಕಪ್ಪು ಗೆರೆ. ರಿಚರ್ಡ್ಸ್, ಬ್ಲೈತ್ಸ್ ಎರಡರಲ್ಲೂ ಆ ಜಾಗ ತಿಳಿಯಾಗಿ, ಮುಖ ತೆರೆದಂತೆ ಕಾಣುತ್ತದೆ.

ಇಲ್ಲಿ ಒಂದು ದೊಡ್ಡ ಷರತ್ತು. ಚೌಕ–ತ್ರಿಕೋನದ ಲೆಕ್ಕ ಬೆಳೆದ ಹಕ್ಕಿಯ ಗರಿಗೆ ಮಾತ್ರ ಅನ್ವಯ. ಆ ವರ್ಷ ಹುಟ್ಟಿದ ಹಕ್ಕಿಗಳಲ್ಲಿ ಎಳೆಗರಿ ಉಳಿದಿದ್ದರೆ ಎರಡೂ ಜಾತಿಯಲ್ಲಿ ಅದು ಹೆಚ್ಚುಕಡಿಮೆ ಒಂದೇ ಥರ: ಕಡುಕಪ್ಪು ನಡು, ತೆಳ್ಳಗಿನ ಬಿಳಿಯಂಚು. ಚಳಿಗಾಲದಲ್ಲಿ ಒಂದೇ ಸಾಲಿನಲ್ಲಿ ಎರಡು ಬಗೆಯ ಗರಿಯೂ ಬೆರೆತಿರುತ್ತವೆ. ಹಾಗಾಗಿ ಸಾಲಿನ ಒಂದೊಂದೇ ಗರಿಯನ್ನು ನೋಡಿ. ಅಂಚು ಬಿಳಿಯಾಗಿ ಸವೆದಿದ್ದರೆ ಹಳೆಯ ಎಳೆಗರಿ, ಅದನ್ನು ಬಿಡಿ. ಅಂಚು ಅಗಲವಾಗಿ ತಿಳಿಕಂದಾಗಿದ್ದರೆ ಹೊಸ ಗರಿ, ಅದನ್ನು ಓದಿ. ಇಡೀ ಸಾಲು ಎಳೆಗರಿಯೇ ಆಗಿದ್ದರೆ ಈ ಗುರುತನ್ನು ಕೈಬಿಟ್ಟು ಕೂಗಿಗೆ ಕಾಯಿರಿ. ಫೆಬ್ರವರಿ–ಮಾರ್ಚ್ ಹೊತ್ತಿಗೆ ಅಂಚು ಸವೆದು ಚೌಕ ಯಾವುದು, ತ್ರಿಕೋನ ಯಾವುದು ಎಂದು ಹೇಳಲಾಗದ ಸ್ಥಿತಿಯೂ ಬರಬಹುದು.

ಉಗುರು ಮತ್ತು ಬಾಲ

ಹಿಂಬೆರಳಿನ ಉಗುರು ರಿಚರ್ಡ್ಸ್‌ನಲ್ಲಿ ಬಲು ಉದ್ದ, ಸ್ವಲ್ಪವೇ ಬಾಗಿರುತ್ತದೆ, ಸಾಮಾನ್ಯವಾಗಿ ಬೆರಳಿಗಿಂತಲೂ ಉದ್ದ. ಬ್ಲೈತ್ಸ್‌ನದು ಗಿಡ್ಡ, ಹೆಚ್ಚು ಬಾಗಿದ್ದು. ಹುಲ್ಲಿನಲ್ಲಿ ನಿಂತ ಹಕ್ಕಿಯ ಉಗುರು ಕಾಣುವುದಿಲ್ಲ, ಅದು ಕಲ್ಲಿನ ಮೇಲೋ ಗಾಡಿಹಾದಿಯ ಬರಿಮಣ್ಣಿಗೋ ಬರುವವರೆಗೆ ಕಾಯಬೇಕು. ಉಗುರಿನ ತುದಿ ಮುರಿದಿರಲೂಬಹುದು, ಅದಕ್ಕೆ ಎರಡೂ ಕಾಲಿನದನ್ನು ತೆಗೆಯಿರಿ.

ಬಾಲದಲ್ಲಿ ಹೊರಗಿನಿಂದ ಎರಡನೆಯ ಗರಿ ನೋಡಬೇಕು. ರಿಚರ್ಡ್ಸ್‌ನಲ್ಲಿ ಅದರ ಬಿಳುಪು ಉದ್ದಕ್ಕೆ ಒಳಗೆ ಚಾಚಿರುತ್ತದೆ. ಬ್ಲೈತ್ಸ್‌ನಲ್ಲಿ ತುದಿಯಲ್ಲಷ್ಟೇ ಗಿಡ್ಡ ತ್ರಿಕೋನವಾಗಿ ನಿಲ್ಲುವುದು ಹೆಚ್ಚು. ಎರಡೂ ಕಡೆ ಅಪವಾದಗಳುಂಟು, ಆದ್ದರಿಂದ ಇದೊಂದನ್ನೇ ನೆಚ್ಚಿ ಹೆಸರು ಹಚ್ಚಬೇಡಿ. ಒಟ್ಟು ಆಕಾರವನ್ನೂ ಬರೆದಿಟ್ಟುಕೊಳ್ಳಿ. ರಿಚರ್ಡ್ಸ್ ಉದ್ದ ಬಾಲ, ಉದ್ದ ಕಾಲು, ಗಟ್ಟಿ ಕೊಕ್ಕಿನ ನೆಟ್ಟನೆಯ ಹಕ್ಕಿ. ಇಳಿಯುವ ಮುನ್ನ ಹುಲ್ಲಿನ ಮೇಲೆ ಕ್ಷಣಕಾಲ ರೆಕ್ಕೆ ಬಡಿಯುತ್ತಾ ನಿಲ್ಲುವುದು ಅದರ ಅಭ್ಯಾಸ, ಹಸಿ ಇರುವ ಎತ್ತರದ ಹುಲ್ಲು ಅದಕ್ಕೆ ಇಷ್ಟ. ಬ್ಲೈತ್ಸ್ ಎಲ್ಲದರಲ್ಲೂ ಸ್ವಲ್ಪ ಅಡಕ. ಈ ‘ಸ್ವಲ್ಪ’ ಎಂಬುದೇ ತಕರಾರಿನ ಮೂಲ.

ಫೋಟೊ ತೆಗೆಯುವ ಅನುಕ್ರಮ

ಹಕ್ಕಿ ಕಂಡ ತಕ್ಷಣ ದೂರದಿಂದಲೇ ನಾಲ್ಕು ಫ್ರೇಮ್ ತೆಗೆದುಬಿಡಿ, ಏನೂ ಇಲ್ಲದಿರುವುದಕ್ಕಿಂತ ಅದು ಮೇಲು. ನಂತರ ಸೂರ್ಯ ಬೆನ್ನಿಗೆ ಬರುವಂತೆ ಸುತ್ತು ಹಾಕಿ, ಕೂತು ಅಥವಾ ಮಲಗಿ ಹಕ್ಕಿಯ ಮಟ್ಟಕ್ಕೆ ಇಳಿಯಿರಿ. ನಿಂತು ತೆಗೆದರೆ ಬೆನ್ನು ಮಾತ್ರ ಸಿಗುತ್ತದೆ, ಎದೆಯ ಗೀರು, ಕಾಲು, ಉಗುರು ಮರೆಯಾಗುತ್ತವೆ. ನೇರವಾಗಿ ಹಕ್ಕಿಯತ್ತ ನಡೆಯದೆ ಒಂದೆಡೆ ಕೂತು ಅದೇ ಮೇಯುತ್ತಾ ಹತ್ತಿರ ಬರಲು ಬಿಡಿ. ಇಪ್ಪತ್ತು ನಿಮಿಷದ ಕೂರುವಿಕೆ ಒಂದು ಗಂಟೆಯ ಅಟ್ಟಾಟಕ್ಕಿಂತ ಹೆಚ್ಚು ಕೊಡುತ್ತದೆ. ಬೇಕಾದ ನೋಟಗಳು ಇವು:

1. ಪಕ್ಕದಿಂದ ಇಡೀ ಹಕ್ಕಿ, ರೆಕ್ಕೆಯ ಸಾಲು ಸ್ಪಷ್ಟವಾಗಿ.
2. ಮುಖ: ಕೊಕ್ಕು–ಕಣ್ಣಿನ ನಡುವಿನ ಜಾಗ ಬಿಸಿಲಿನಲ್ಲಿ. ನೆರಳಿನಲ್ಲಿ ತೆಗೆದರೆ ತಿಳಿಮುಖವೂ ಕಪ್ಪಾಗಿ ಕಂಡು ದಾರಿ ತಪ್ಪಿಸುತ್ತದೆ.
3. ಎದುರಿನಿಂದ ಎದೆ.
4. ಬರಿನೆಲದಲ್ಲಿ ಕಾಲು, ಉಗುರು.
5. ಬಾಲ ಬಿಚ್ಚಿದ್ದು. ಗರಿ ತೀಡಿಕೊಳ್ಳುವಾಗ ಅಥವಾ ಇಳಿಯುವ ಕ್ಷಣದಲ್ಲಿ ಮಾತ್ರ ಸಿಗುತ್ತದೆ. 1/2000 ಸೆಕೆಂಡ್ ಅಥವಾ ಇನ್ನೂ ಚುರುಕು ಶಟರ್, ಸತತ ಫ್ರೇಮ್.

ಹಿಂಡಿನಲ್ಲಿ ಪ್ಯಾಡಿಫೀಲ್ಡ್ ಕೂಡ ಇದ್ದರೆ ಅದರದ್ದೂ ಅದೇ ಬೆಳಕಿನಲ್ಲಿ, ಅದೇ ದೂರದಿಂದ ಒಂದೆರಡು ಫೋಟೊ ತೆಗೆಯಿರಿ. ಹೋಲಿಕೆಗೆ ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಮೂಲ ಫೈಲುಗಳನ್ನು ಹಾಗೇ ಇಟ್ಟುಕೊಳ್ಳಿ. ಕತ್ತರಿಸುವುದು, ಬೆಳಕು ಹೆಚ್ಚುಕಡಿಮೆ ಮಾಡುವುದು ಸರಿ. ಆದರೆ ‘ಎಐ’ ಬಳಸಿ ಚುರುಕುಗೊಳಿಸುವ, ದೊಡ್ಡದು ಮಾಡುವ ತಂತ್ರಾಂಶಗಳನ್ನು ಗುರುತಿಸುವಿಕೆಯ ಫೋಟೊಗೆ ಮುಟ್ಟಿಸಬೇಡಿ. ಮಸುಕಾದ ಕಡೆ ಅವು ತಾವೇ ಗರಿಯಂಚನ್ನು ಊಹಿಸಿ ಬರೆಯುತ್ತವೆ. ಚೌಕವೋ ತ್ರಿಕೋನವೋ ಎಂಬ ಪ್ರಶ್ನೆಗೆ ತಂತ್ರಾಂಶ ಬರೆದ ಉತ್ತರ ಯಾರಿಗೆ ಬೇಕು? ಕೆಲವು ಮೊಬೈಲ್‌ಗಳು ದೊಡ್ಡ ಜೂಮ್‌ನಲ್ಲಿ ಇದನ್ನು ಕೇಳದೆಯೇ ಮಾಡುತ್ತವೆ.

ಪುಸ್ತಕ ತೆಗೆಯುವ ಮೊದಲೇ ಬರೆಯಿರಿ

ಚಿತ್ರಪುಸ್ತಕ ನೋಡಿದ ಮೇಲೆ ಬರೆದ ಟಿಪ್ಪಣಿ ಪುಸ್ತಕದ ಟಿಪ್ಪಣಿಯೇ ಆಗಿರುತ್ತದೆ. ಹಕ್ಕಿ ಇನ್ನೂ ಎದುರಿಗಿರುವಾಗ, ಇಲ್ಲವೇ ಹಾರಿದ ಹತ್ತು ನಿಮಿಷದೊಳಗೆ, ಕಂಡದ್ದನ್ನಷ್ಟೇ ಬರೆಯಿರಿ. ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯಿರಿ, ಅದರಿಂದ ದಾಖಲೆಗೆ ತೂಕ ಬರುತ್ತದೆ. ಮಾದರಿ ಹೀಗಿರಲಿ:

‘ಬೆಳಿಗ್ಗೆ 7:35ರಿಂದ 7:58. ಬಿಸಿಲು ಬೆನ್ನಿಗೆ, ಗಾಳಿ ಕಡಿಮೆ. ದೂರ ಸುಮಾರು 25 ಮೀಟರ್, 10×42. ಮೇಯ್ದ ಗಿಡ್ಡ ಹುಲ್ಲು, ನಡುನಡುವೆ ಬರಿನೆಲ. ಒಂದು ಹಕ್ಕಿ, ಹತ್ತಿರದಲ್ಲಿ ಎರಡು ಪ್ಯಾಡಿಫೀಲ್ಡ್. ಅವುಗಳಿಗಿಂತ ತುಸು ದೊಡ್ಡದು. ಕಣ್ಣಿನ ಮುಂದೆ ತಿಳಿ. ಎದೆಗೀರು ತೆಳು. ರೆಕ್ಕೆಯ ಮೇಲಿನ ಸಾಲಿನಲ್ಲಿ ಎಡಗಡೆ ಮೂರು ಹೊಸ ಗರಿ, ಕಪ್ಪು ಭಾಗ ಚೌಕ, ಉಳಿದವು ಬಿಳಿಯಂಚಿನ ಹಳೆಗರಿ. ಉಗುರು ಬಾಗಿದ್ದು, ಬೆರಳಿಗಿಂತ ಉದ್ದವಲ್ಲ. ಎದ್ದಾಗ ಇಳಿಯುವ ದನಿಯಲ್ಲಿ ಎರಡು ಕೂಗು, ಮುದ್ರಣ ಇದೆ. ಬಾಲದ ಎರಡನೆಯ ಗರಿ ಕಾಣಲಿಲ್ಲ. ಪ್ಯಾಡಿಫೀಲ್ಡ್ ಅಲ್ಲ: ಮುಖ, ಕೂಗು. ರಿಚರ್ಡ್ಸ್ ಅಲ್ಲ: ಗರಿ, ಉಗುರು, ಕೂಗು.’

ಕೊನೆಯ ಎರಡು ಸಾಲು ಗಮನಿಸಿ. ಪರಿಶೀಲಿಸುವವರು ಮೊದಲು ಹುಡುಕುವುದು ಅದನ್ನೇ. ‘ಪುಸ್ತಕದಲ್ಲಿರುವಂತೆಯೇ ಇತ್ತು’, ‘ಅನುಭವಿಗಳು ಖಚಿತಪಡಿಸಿದರು’ ಎಂಬ ಮಾತುಗಳಿಂದ ಏನೂ ತಿಳಿಯುವುದಿಲ್ಲ.

ದಾಖಲೆ ಸೇರಿಸುವುದು

ಹಕ್ಕಿ ದಾಖಲೆಗಳನ್ನು ಕಲೆಹಾಕುವ ಇ-ಬರ್ಡ್ ಜಾಲತಾಣದಲ್ಲಿ ಆ ಬೆಳಗಿನ ಪೂರ್ತಿ ಪಟ್ಟಿಯನ್ನೇ ಹಾಕಿ, ಅಪರೂಪದ ಹಕ್ಕಿಯೊಂದನ್ನೇ ಅಲ್ಲ. ಎಷ್ಟು ಪ್ಯಾಡಿಫೀಲ್ಡ್ ಎಣಿಸಿದಿರಿ ಎಂಬುದೂ ಪುರಾವೆಯ ಭಾಗ. ಕಾವಲು ಹಲವು ಕಿಲೋಮೀಟರ್ ಹರಡಿರುತ್ತದೆ, ಇಡೀ ಜಾಗಕ್ಕೆ ಇ-ಬರ್ಡ್ ನಕ್ಷೆಯಲ್ಲಿರುವ ಒಂದೇ ಬಿಂದುವಾದ ಹಾಟ್‌ಸ್ಪಾಟ್‌ನ ಗುರುತು ಹಕ್ಕಿ ಇದ್ದ ಕಡೆಯಿಂದ ಬಲು ದೂರವಿರಬಹುದು. ಅದಕ್ಕೆ ಅಕ್ಷಾಂಶ–ರೇಖಾಂಶವನ್ನು ದಶಮಾಂಶದ ನಂತರ ನಾಲ್ಕು ಅಂಕಿಯವರೆಗೆ ಟಿಪ್ಪಣಿಯಲ್ಲಿ ಬರೆಯಿರಿ. ನಾಲ್ಕು ಅಂಕಿ ಎಂದರೆ ನೆಲದ ಮೇಲೆ ಸುಮಾರು 11 ಮೀಟರ್, ಸಾಕಷ್ಟೇ ನಿಖರ.

ಫೋಟೊದ ಉದ್ದಬದಿ 1,000 ಪಿಕ್ಸೆಲ್‌ಗಿಂತ ಕಡಿಮೆಯಾಗದಂತೆ ಕತ್ತರಿಸಿ. ಧ್ವನಿಯನ್ನು ಕುಗ್ಗಿಸದ ಡಬ್ಲ್ಯುಎವಿ (WAV) ರೂಪದಲ್ಲೇ ಹಾಕಿ, ಕೂಗಿನ ಹಿಂದೆ ಮುಂದೆ ಮೂರು ಸೆಕೆಂಡ್ ಬಿಟ್ಟು ಉಳಿದದ್ದನ್ನು ಕತ್ತರಿಸಿ. ಗದ್ದಲ ತೆಗೆಯುವ ಫಿಲ್ಟರ್ ಹಾಕಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ವಾಪಸ್ ಪಡೆದ ಫೋಟೊ, ಧ್ವನಿಗಳು ಕುಗ್ಗಿರುತ್ತವೆ, ಅವನ್ನು ಬಳಸಬೇಡಿ.

ಖಚಿತವಾಗದಿದ್ದರೆ, ಜಾತಿ ಗೊತ್ತಾಗದ ಪಿಪಿಟ್ ಎಂಬರ್ಥದ ‘ಪಿಪಿಟ್ ಎಸ್‌ಪಿ.’ ಎಂದು ಹಾಕಿ, ಫೋಟೊ, ಧ್ವನಿ ಎಲ್ಲವನ್ನೂ ಜೊತೆಗೆ ಸೇರಿಸಿ. ಇದು ಸೋಲಲ್ಲ. ತಪ್ಪು ಹೆಸರಿನ ದಾಖಲೆ ನಕ್ಷೆಯನ್ನೇ ಕೆಡಿಸುತ್ತದೆ, ಹೆಸರಿಲ್ಲದ ಒಳ್ಳೆಯ ದಾಖಲೆಯನ್ನು ನಾಳೆ ಯಾರಾದರೂ ಓದಿ ಬಿಡಿಸಬಹುದು. ಪರಿಶೀಲಕರಿಂದ ಇಮೇಲ್ ಬಂದರೆ ಅದನ್ನು ಅವಮಾನವೆಂದು ತಿಳಿಯಬೇಡಿ. ಅವರು ಸ್ವಯಂಸೇವಕರು, ಮುಂದೆ ದಾಖಲೆ ಬಳಸುವವರ ಪರವಾಗಿ ಕೇಳುತ್ತಿರುತ್ತಾರೆ. ಅವರು ಒಪ್ಪದಿದ್ದರೂ ನಿಮ್ಮ ಸ್ವಂತ ಪಟ್ಟಿಯಲ್ಲಿ ಹಕ್ಕಿ ಉಳಿಯುತ್ತದೆ, ಸಾರ್ವಜನಿಕ ನಕ್ಷೆಯಲ್ಲಷ್ಟೇ ಕಾಣುವುದಿಲ್ಲ. ವರ್ಷಗಳ ನಂತರವೂ ಅದೇ ಪಟ್ಟಿಯಲ್ಲಿ ಜಾತಿ ಬದಲಿಸುವ ಅವಕಾಶವಿದೆ.

ಹಳೆಯ ದಾಖಲೆಗಳನ್ನು ಹೋಲಿಸುವಾಗ ಒಂದು ಎಚ್ಚರ. ರಿಚರ್ಡ್ಸ್ ಮತ್ತು ಪ್ಯಾಡಿಫೀಲ್ಡ್‌ಗಳನ್ನು ಹಿಂದೆ ಒಂದೇ ಜಾತಿಯ ಒಳಪಂಗಡಗಳೆಂದು ಎಣಿಸುತ್ತಿದ್ದರು. ಆ ಕಾಲದ ಪಟ್ಟಿಯಲ್ಲಿ ‘ರಿಚರ್ಡ್ಸ್’ ಎಂದಿದ್ದರೆ ಅದು ಇಂದಿನ ಪ್ಯಾಡಿಫೀಲ್ಡ್ ಕೂಡ ಆಗಿರಬಹುದು. ನಿಮ್ಮ ಜಿಲ್ಲೆಗೆ ಇದು ಹೊಸತೋ ಅಲ್ಲವೋ ಎಂದು ಬರೆಯುವ ಮುನ್ನ ಇದನ್ನು ನೋಡಿ.

ಹಕ್ಕಿಗೆ ತೊಂದರೆಯಾಗದಂತೆ

ಕೂಗು ಬೇಕೆಂದು ಹಕ್ಕಿಯನ್ನು ಮತ್ತೆಮತ್ತೆ ಎಬ್ಬಿಸುವುದು ಕೆಟ್ಟ ಚಾಳಿ. ಒಮ್ಮೆ ಎದ್ದದ್ದು ಸಾಕು. ಮುಂದೆ ಅದು ತಾನಾಗಿ ಹಾರುವಾಗ ಮುದ್ರಿಸಿ. ಮೊಬೈಲ್‌ನಿಂದ ಕೂಗು ನುಡಿಸಿ ಕರೆಯಬೇಡಿ. ಪ್ಯಾಡಿಫೀಲ್ಡ್ ನೆಲದ ಮೇಲೆ, ಹುಲ್ಲಿನ ಬುಡದಲ್ಲಿ ಗೂಡು ಕಟ್ಟುತ್ತದೆ. ಕೊಕ್ಕಿನಲ್ಲಿ ಹುಳು ಹಿಡಿದು ನುಂಗದೆ ನಿಮ್ಮನ್ನೇ ನೋಡುತ್ತಾ ಕೂಗುತ್ತಿರುವ ಹಕ್ಕಿ ಕಂಡರೆ ಮರಿ ಹತ್ತಿರದಲ್ಲೇ ಇದೆ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಗಾಡಿಯನ್ನು ಹಾದಿ ಬಿಟ್ಟು ಹುಲ್ಲಿಗೆ ಇಳಿಸಬೇಡಿ. ಸುದ್ದಿ ಹರಡಿ ಮರುದಿನ ಕ್ಯಾಮೆರಾಗಳ ಸಾಲೇ ಬಂದರೆ, ಎಲ್ಲರೂ ಒಂದೇ ಕಡೆಯಿಂದ ಕೂತು ನೋಡುವಂತೆ ಮೊದಲು ಬಂದವರು ಹೇಳಬೇಕು. ಆ ಹಕ್ಕಿ ಅದೇ ಎಕರೆಯಲ್ಲಿ ಇನ್ನೂ ಹಲವು ವಾರ ಮೇಯಬೇಕಾಗಿರಬಹುದು, ಬೆಳೆದ ಗರಿಗಳು ಬಂದ ಮೇಲೆ ಜನವರಿಯಲ್ಲಿ ಮತ್ತೊಮ್ಮೆ ಹೋಗಿ ರೆಕ್ಕೆಯ ಸಾಲನ್ನು ಓದುವ ಅವಕಾಶ ಆಗ ನಿಮಗೂ ಉಳಿಯುತ್ತದೆ.